ಜೀರ್ಣೋದ್ಧಾರವೋ, ಜೀವಹರಣವೋ?

ಹಳೆಯ ಮೋಟಾರು ಸೈಕಲ್ಲುಗಳ ಜೀರ್ಣೋದ್ಧಾರಕ್ಕೆ ಕಂಕಣ ಕಟ್ಟಿ ನಿಂತಿರುವ ನಮ್ಮ ಪಟ್ಟಣವಾಸಿಗಳ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ನಾನೂ ಆ ಪಂಗಡದವನೇ. ಆದಕಾರಣ ಹೊರಗೆ ನಿಂತು ಕಲ್ಲೆಸೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಆಕ್ಷೇಪಣೆ ಇಷ್ಟೇ: ಹಳೆಯ ಗಾಡಿಗಳನ್ನು ಉಳಿಸುತ್ತಿದ್ದೇವೆಂದು ಹೇಳಿಕೊಳ್ಳುತ್ತ ನಾವು ಓಡುವ ಗಾಡಿಗಳನ್ನು ಕೊಲ್ಲುತ್ತಿದ್ದೇವೆ. ಒಂದಕ್ಕೆ ಸಿಂಗಾರ ಮಾಡುವುದಕ್ಕಾಗಿ ಇನ್ನೊಂದರ ಮೈಮೇಲಿನ ಒಡವೆಯನ್ನು ಕಿತ್ತು ತರುತ್ತಿದ್ದೇವೆ. ಇದಕ್ಕೆ ಅಭಿರುಚಿಯೆಂದು ಹೆಸರಿಟ್ಟಿದ್ದೇವೆ.

ನಾನು ಮೈಸೂರಿನವನು. ನಮ್ಮ ಊರಿನಲ್ಲಿ ಮೋಟಾರು ಸೈಕಲ್ಲು ಎಂದರೆ ಜಾವಾ. ಪ್ರಾಗ್ ನಗರದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯನ್ನು ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ತಲೆಗೆ ಅದರ ಹೆಸರಿನ ತಲೆಯನ್ನು ಜೋಡಿಸಿ ಕಟ್ಟಿದ ಹೆಸರು ಅದು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಮುಂದೆ ಯೆಜ್ಡಿ ಎಂಬ ಹೆಸರು ತಾಳಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಬೇರೊಂದು ಕಂಪನಿಯ ಹೊಸ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡಿತೇನೋ ನಿಜ. ಆದರೆ ಅವು ನಾಲ್ಕು ಸ್ಟ್ರೋಕಿನವು. ನಮ್ಮ ಎರಡು ಸ್ಟ್ರೋಕಿನ ಮುದುಕನಿಗೆ ಅವುಗಳ ಪಿಸ್ಟನ್ನೂ ಆಗದು, ರಿಂಗೂ ಆಗದು. ಹಾಗಾಗಿ ಹಳೆಯ ಜಾವಾ ಇಟ್ಟುಕೊಂಡವನಿಗೆ ಮೂರೇ ದಾರಿ. ಯಾವುದೋ ಅಂಗಡಿಯ ಅಟ್ಟದಲ್ಲಿ ಉಳಿದಿರುವ ಕಾರ್ಖಾನೆಯ ಮಾಲು ಹುಡುಕುವುದು. ಸಣ್ಣ ವರ್ಕ್‌ಷಾಪುಗಳಲ್ಲಿ ಹೊಸದಾಗಿ ಮಾಡಿದ್ದನ್ನು ಕೊಳ್ಳುವುದು. ಅಥವಾ ಇನ್ನೊಂದು ಗಾಡಿಯನ್ನು ಬಿಚ್ಚುವುದು. ನನ್ನ ಜಗಳವಿರುವುದು ಈ ಮೂರನೆಯ ದಾರಿಯೊಡನೆ.

ನಮ್ಮ ತಂದೆಯವರು 1967ರಲ್ಲಿ ಕೊಂಡ ಜಾವಾ ಇಪ್ಪತ್ತು ವರ್ಷ ಹಿತ್ತಲಿನ ಷೆಡ್ಡಿನಲ್ಲಿ ನಿಂತಿತ್ತು. ನಾನು ನಿವೃತ್ತನಾದ ಮೇಲೆ ಅದನ್ನು ಎಬ್ಬಿಸುವ ಹುಚ್ಚು ಹಿಡಿಯಿತು. ಆ ಕಾರ್ಖಾನೆಯಲ್ಲಿಯೇ ಕೆಲಸ ಕಲಿತ ಹಿರಿಯ ಮೆಕ್ಯಾನಿಕ್ಕರೊಬ್ಬರ ಬಳಿಗೆ ಗಾಡಿಯನ್ನು ತಳ್ಳಿಸಿಕೊಂಡು ಹೋದೆ. ಅವರು ಅದನ್ನೊಮ್ಮೆ ಸುತ್ತು ಹಾಕಿ ಕೇಳಿದ ಮೊದಲ ಪ್ರಶ್ನೆ: “ಸಾರ್, ಗಾಡಿ ಓಡ್ಬೇಕಾ, ನಿಂತ್ಕೋಬೇಕಾ? ಅದನ್ನ ಮೊದ್ಲು ಹೇಳ್ಬಿಡಿ.” ತಮಾಷೆಯೆಂದುಕೊಂಡು ನಕ್ಕೆ. ಅದು ತಮಾಷೆಯಾಗಿರಲಿಲ್ಲ.

ಓಡಿಸುವುದು ಕಷ್ಟವಾಗಲಿಲ್ಲ. ಆ ಎಂಜಿನ್ನು ಬಲು ಸರಳ. ವಾಲ್ವಿಲ್ಲ, ಕ್ಯಾಮ್ ಇಲ್ಲ; ಪಿಸ್ಟನ್ನೇ ಏರಿಳಿಯುತ್ತ ಸಿಲಿಂಡರಿನ ಕಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಬೋರು 65 ಮಿಲಿಮೀಟರು, ಪಿಸ್ಟನ್ನಿನ ಓಟ 75. ಬೋರು ಸವೆದಿದ್ದರೆ ಕಾಲು ಮಿಲಿಮೀಟರು ಹಿಗ್ಗಿಸಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿದರಾಯಿತು. ಕ್ರ್ಯಾಂಕಿನ ಆಯಿಲ್ ಸೀಲುಗಳು ಬಿರಿದು ಒಂದು ಪಕ್ಕದಿಂದ ಗಾಳಿ, ಇನ್ನೊಂದು ಪಕ್ಕದಿಂದ ಗೇರಿನ ಎಣ್ಣೆ ಒಳಗೆ ನುಗ್ಗುತ್ತಿದ್ದವು. ಹೊಸ ಸೀಲು ಕೂಡಿಸಿದ ಮೇಲೆ ಹೊಗೆ ನಿಂತಿತು. ಕಿಕ್ಕರೂ ಗೇರೂ ಒಂದೇ ಆಗಿರುವ ಆ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ ಒದ್ದೆ. ನಾಲ್ಕನೆಯ ಒದೆಗೆ ತಂದೆಯವರ ಗಾಡಿ ಮಾತಾಡಿತು. ಇದಕ್ಕೆಲ್ಲ ಬೇಕಾದ ಬಿಡಿಭಾಗಗಳು ಎರಡು ತಿಂಗಳೊಳಗೆ ದೊರೆತಿದ್ದವು. ಎಲ್ಲವೂ ಹೊಸದಾಗಿ ಮಾಡಿದವು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಅಭಿಮಾನಿಗಳು ಸೇರುವುದುಂಟು. ಅಲ್ಲಿಗೆ ಹೋದೆ. ನನ್ನ ಗಾಡಿ ಎಷ್ಟು ದೂರ ಓಡಿ ಬಂತೆಂದು ಯಾರೂ ಕೇಳಲಿಲ್ಲ. ಟ್ಯಾಂಕು ಒರಿಜಿನಲ್ಲೇ? ಹೆಡ್‌ಲೈಟಿನ ಡೂಮು ಒರಿಜಿನಲ್ಲೇ? ಮಡ್‌ಗಾರ್ಡು ಯಾವ ವರ್ಷದ್ದು? ತುಕ್ಕು ತಿಂದು ತೂತಾಗಿದ್ದ ನಮ್ಮ ಟ್ಯಾಂಕಿಗೆ ತೇಪೆ ಹಾಕಿಸಿದ್ದೆ. ಒಬ್ಬ ಮಹನೀಯರು ಆ ತೇಪೆಯನ್ನು ಬೆರಳಿನಿಂದ ಸವರಿ, ಹೆಣ್ಣು ನೋಡಲು ಬಂದವರಂತೆ ಮುಖ ಸಿಂಡರಿಸಿ ಮುಂದೆ ಹೋದರು. ಅಂದಿನಿಂದ ನನಗೆ ನಿದ್ರೆಯಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಅಲೆದೆ, ಶಿವಾಜಿನಗರದ ಗುಜರಿಗಳಲ್ಲಿ ಕೈ ಕಪ್ಪು ಮಾಡಿಕೊಂಡೆ. ಕೊನೆಗೊಬ್ಬ ದಲ್ಲಾಳಿ, “ಟ್ಯಾಂಕು ಒಂದೇ ಸಿಗಲ್ಲ ಸಾರ್, ಗಾಡಿ ಸಮೇತ ಸಿಗ್ತದೆ” ಎಂದ.

ಆ ಗಾಡಿ ನಂಜನಗೂಡಿನ ಆಚೆಯ ಒಂದು ಹಳ್ಳಿಯಲ್ಲಿತ್ತು. ಅದರ ಯಜಮಾನ ಬಾಳೆಗೊನೆ ಸಾಗಿಸುವವನು. ಸೀಟಿನ ಹಿಂದೆ ಕಬ್ಬಿಣದ ಕ್ಯಾರಿಯರು, ಹ್ಯಾಂಡಲಿಗೆ ಸುತ್ತಿದ ಬಟ್ಟೆ, ಯಾವ ಅಂಗಡಿಯದೆಂದು ಹೇಳಲಾಗದ ಕಾರ್ಬೊರೇಟರು. ಟ್ಯಾಂಕು ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು. ಮಗಳ ಕಾಲೇಜಿನ ಫೀಸು ಕಟ್ಟುವ ಸಮಯ. ನಾನು ಹೇಳಿದ ಬೆಲೆಗೆ ಆತ ಬೇಡವೆನ್ನಲಾರದೆ ಒಪ್ಪಿದ. ಹೊರಡುವಾಗ ಒಳಗಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತಂದು ನನ್ನ ಕೈಯಲ್ಲಿಟ್ಟ. “ಎಣ್ಣೆ ಕಮ್ಮಿ ಹಾಕ್ಬ್ಯಾಡಿ ಸ್ವಾಮಿ. ಲೀಟ್ರು ಪೆಟ್ರೋಲ್‌ಗೆ ಈ ಅಳ್ತೇಲಿ ಒಂದು. ಒಂದೇ ಕಿಕ್ಕಿಗೆ ಬರ್ತದೆ.” ಹೌದು, ಒಂದೇ ಒದೆಗೆ ಬಂತು. ನಾನು ಅದನ್ನು ಓಡಿಸಿಕೊಂಡೇ ಮೈಸೂರಿಗೆ ಬಂದೆ, ಮರುದಿನ ಬಿಚ್ಚಿದೆ. ಟ್ಯಾಂಕು, ಡೂಮು, ಹಿಂದಿನ ಮಡ್‌ಗಾರ್ಡು ನನಗೆ, ಎಂಜಿನ್ನು ದಲ್ಲಾಳಿಗೆ, ಮಿಕ್ಕದ್ದು ಗುಜರಿಗೆ. ಮೆಕ್ಯಾನಿಕ್ಕರು ಅಂದು ಸ್ಪ್ಯಾನರು ಮುಟ್ಟಲಿಲ್ಲ. ಹುಡುಗರಿಂದ ಮಾಡಿಸಿಕೊಳ್ಳಿ ಎಂದು ಹೇಳಿ ಟೀ ಕುಡಿಯಲು ಹೋದರು.

ಮರುವರ್ಷದ ಜುಲೈಯಲ್ಲಿ ನನ್ನ ಗಾಡಿಯ ಸುತ್ತ ಜನ ಸೇರಿದರು. ಅದಾದ ಕೆಲವು ವಾರಗಳಿಗೆ ದೇವರಾಜ ಮಾರುಕಟ್ಟೆಯ ಬಳಿ ಆ ಬಾಳೆಯ ಯಜಮಾನ ಸಿಕ್ಕ. ದುಡ್ಡಿನ ಮಾತಿಲ್ಲ, ದೂರಿಲ್ಲ. “ನಮ್ ಗಾಡಿ ಚೆನ್ನಾಗದಾ ಸ್ವಾಮಿ?” ಎಂದ. ಚೆನ್ನಾಗಿದೆ ಎಂದೆ. ಅರವತ್ತು ದಾಟಿದ ಮೇಲೆ, ಹಗಲು ಹೊತ್ತಿನಲ್ಲಿ, ಒಬ್ಬ ಮರ್ಯಾದಸ್ಥನ ಮುಖ ನೋಡಿಕೊಂಡು ಸುಳ್ಳು ಹೇಳಿದೆ.

ನನ್ನ ಮಿತ್ರರು ಇದಕ್ಕೆ ಎರಡು ಸಮಾಧಾನ ಹೇಳುತ್ತಾರೆ. ಮೊದಲನೆಯದು, ಅವನಿಗೆ ಹಣ ಬೇಕಿತ್ತು, ನೀನು ಕೊಟ್ಟೆ, ಇದರಲ್ಲಿ ಪಾಪವೇನು ಎಂಬುದು. ಹಣ ಬೇಕಿತ್ತು, ನಿಜ. ಆದರೆ ಅವನು ಮಾರಿದ್ದು ಗಾಡಿಯನ್ನು. ನಾನು ಕೊಂಡದ್ದು ಟ್ಯಾಂಕನ್ನು. ಈ ವ್ಯತ್ಯಾಸವನ್ನು ಅವನಿಗೆ ತಿಳಿಸದೆ ಬಚ್ಚಿಟ್ಟವನು ನಾನು. ಎರಡನೆಯದು ಇನ್ನೂ ದೊಡ್ಡ ಮಾತು: ಒರಿಜಿನಲ್ ಭಾಗ ಎಂದರೆ ಇತಿಹಾಸ, ಇತಿಹಾಸವನ್ನು ಕಾಪಾಡಬೇಡವೇ? ಕಾಪಾಡೋಣ ಸ್ವಾಮಿ. ಪ್ರತಿಯೊಂದು ಮಾದರಿಯದೂ ಒಂದೆರಡು ಗಾಡಿಗಳು ಕಾರ್ಖಾನೆಯಿಂದ ಹೊರಟ ಸ್ಥಿತಿಯಲ್ಲೇ ವಸ್ತುಸಂಗ್ರಹಾಲಯದಲ್ಲಿರಲಿ, ನನ್ನ ತಕರಾರಿಲ್ಲ. ಆದರೆ ಹಳ್ಳಿಯ ಆ ಕಬ್ಬಿಣದ ಕ್ಯಾರಿಯರು ಇತಿಹಾಸವಲ್ಲವೆಂದು ಹೇಳಿದವರು ಯಾರು? ಕಾರ್ಖಾನೆ ಮುಚ್ಚಿದ ಮೇಲೂ ಆ ಗಾಡಿ ಯಾರ ದಯೆಯೂ ಇಲ್ಲದೆ ಗೊನೆ ಹೊತ್ತಿತು. ಸಿಕ್ಕ ಬಿಡಿಭಾಗದಿಂದ ಬದುಕಿತು. ಮೈಸೂರಿನ ಕೆಲಸಗಾರರು ಕೂಡಿಸಿದ ಯಂತ್ರ ಎಷ್ಟು ಗಟ್ಟಿಯೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆ ಸಾಕ್ಷಿಯನ್ನೇ ನಾನು ಗುಜರಿಗೆ ಹಾಕಿದೆ.

ಕಾನೂನೂ ಈ ಭ್ರಮೆಗೆ ನೀರೆರೆಯುತ್ತಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ, ದೊಡ್ಡ ರಿಪೇರಿಗೆ ಒಳಗಾಗದ ಗಾಡಿ ‘ವಿಂಟೇಜ್’, ಅದಕ್ಕೆ ‘ವಿ.ಎ.’ ಎಂಬ ಅಕ್ಷರವುಳ್ಳ ನಂಬರು; ಹೊಸ ನೋಂದಣಿಗೆ 20,000 ರೂಪಾಯಿ; ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅದನ್ನು ರಸ್ತೆಗಿಳಿಸಕೂಡದು. ಪ್ರದರ್ಶನದ ಗಾಡಿಗೆ ಇದು ಸರಿಯಾದ ನಿಯಮವೇ ಇರಬಹುದು. ಆದರೆ ಇದೇ ಎಲ್ಲ ಹಳೆಯ ಗಾಡಿಗಳ ಪರಮಪದವೆಂದು ನಾವು ನಂಬಿಬಿಟ್ಟರೆ, ದುಡಿಯದಿರುವುದೇ ದೊಡ್ಡತನವೆಂದು ಒಪ್ಪಿಕೊಂಡಂತೆ.

ಹಾಗಾದರೆ ಮಾಡಬೇಕಾದದ್ದೇನು? ಓಡುವ ಗಾಡಿಯನ್ನು ಬಿಡಿಭಾಗಕ್ಕಾಗಿ ಬಿಚ್ಚಬಾರದು, ಇದು ಮೊದಲನೆಯದು. ಬೀರುವಿನಲ್ಲಿ ಅಪರೂಪದ ಭಾಗಗಳನ್ನು ಕೂಡಿಟ್ಟಿರುವವರು ಅವುಗಳ ಅಳತೆಯನ್ನಾದರೂ ಹೊರಗೆ ಕೊಡಲಿ. ವರ್ನಿಯರ್ ಹಿಡಿಯಬಲ್ಲ ಪಾಲಿಟೆಕ್ನಿಕ್ಕಿನ ಹುಡುಗನೊಬ್ಬ ಅರ್ಧ ದಿನದಲ್ಲಿ ನಕ್ಷೆ ಬರೆದಾನು, ಲೇತಿನವನು ಹತ್ತು ಮಾಡಿಕೊಟ್ಟಾನು. ಹೊಸದಾಗಿ ಮಾಡಿದ ಭಾಗದ ಮೇಲೆ ಮಾಡಿದ ವರ್ಷವನ್ನು ಒತ್ತಿಬಿಡಲಿ. ಹಳೆಯದೆಂದು ಮಾರುವ ಮೋಸ ತಪ್ಪುತ್ತದೆ. ಎಲ್ಲಕ್ಕಿಂತ ಅವಸರದ್ದು ಇನ್ನೊಂದಿದೆ. ಟ್ಯಾಂಕು ಇನ್ನೂ ನೂರು ವರ್ಷ ಬಾಳೀತು. ಶಬ್ದ ಕೇಳಿಯೇ ಯಾವ ಸೀಲು ಹೋಗಿದೆಯೆಂದು ಹೇಳುವ ಆ ಮೆಕ್ಯಾನಿಕ್ಕರಿಗೆ ಎಪ್ಪತ್ತಾರು ವರ್ಷ. ಅವರ ಕಿವಿಯಲ್ಲಿರುವ ವಿದ್ಯೆಯ ಬಿಡಿಭಾಗ ಯಾವ ಗುಜರಿಯಲ್ಲೂ ಸಿಗುವುದಿಲ್ಲ. ಅದನ್ನು ಕೂತು ಬರೆದುಕೊಂಡವರು ನಮ್ಮಲ್ಲಿ ಎಷ್ಟು ಮಂದಿ?

ನಾನು ಈಗ ಪ್ರತಿ ಶನಿವಾರ ಒಂದು ನೋಟುಪುಸ್ತಕ ಹಿಡಿದು ಅವರ ಗ್ಯಾರೇಜಿಗೆ ಹೋಗುತ್ತೇನೆ. ಪೆಟ್ರೋಲಿಗೆ ಎಣ್ಣೆ ಅಳೆಯುವುದು ಆ ತಗಡಿನ ಡಬ್ಬಿಯಲ್ಲೇ. ಆ ಬಾಳೆಯ ಗಾಡಿಯ ಆರ್.ಸಿ. ಪುಸ್ತಕ ನನ್ನ ಬೀರುವಿನಲ್ಲಿದೆ, ಗಾಡಿಯಿಲ್ಲ, ಪುಸ್ತಕವಿದೆ. ನನ್ನ ಮಾತನ್ನೊಪ್ಪದ ಸಂಗ್ರಾಹಕ ಮಿತ್ರರು ಬಹಳ ಮಂದಿ ಇದ್ದಾರೆ. ಅವರೊಡನೆ ವಾದ ಬೆಳೆಸುವುದಿಲ್ಲ. ನಿಮ್ಮ ಒಂದು ಗಾಡಿ ಎದ್ದು ನಿಲ್ಲುವುದಕ್ಕೆ ಎಷ್ಟು ಗಾಡಿಗಳು ಮಲಗಿದವು ಎಂಬ ಲೆಕ್ಕವನ್ನು, ಮುಂದಿನ ಜುಲೈಯಲ್ಲಿ, ಅದರ ಪಕ್ಕದಲ್ಲೊಂದು ಹಲಗೆಯ ಮೇಲೆ ಬರೆದು ನಿಲ್ಲಿಸಿ. ನನ್ನ ಗಾಡಿಯ ಪಕ್ಕದಲ್ಲಿ ನಾನು ‘ಒಂದು’ ಎಂದು ಬರೆದು ನಿಲ್ಲಿಸುತ್ತೇನೆ.