ಆಟಿಯ ಮೋಡ, ದೂರದ ಗ್ರಹ

ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಇಬ್ಬರು ಕಾಲೇಜು ಹುಡುಗರು ಆಡಿದ ಮಾತು ಈ ಅಂಕಣಕಾರರನ್ನು ವಾರವಿಡೀ ಕಾಡಿದೆ. ಮೈಕ್ರೋಲೆನ್ಸಿಂಗ್‌ನಿಂದ ಸಿಕ್ಕ ಗ್ರಹವೊಂದರ ಕತೆ ಕೇಳಿ ಒಬ್ಬ ಅಂದ: “ಒಮ್ಮೆ ಕಂಡು ಮತ್ತೆ ಕಾಣದ್ದನ್ನು ನಂಬುದು ಹೇಗೆ ಮಾರಾಯ?”

ನ್ಯಾಯವಾದ ಪ್ರಶ್ನೆ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತಗ್ಗುವುದನ್ನು ಈ ಅಂಕಣ ಹಿಂದೆ ಚರ್ಚಿಸಿದೆ. ಮೈಕ್ರೋಲೆನ್ಸಿಂಗ್‌ನಲ್ಲಿ ಬೆಳಕು ಹೆಚ್ಚುತ್ತದೆ. ಕಾಪು ದೀಪಸ್ತಂಭದ ಮಸೂರ ಚದುರುವ ಬೆಳಕನ್ನು ಕಡಲಿನತ್ತ ಕೂಡಿಸುವಂತೆ, ನಡುವೆ ಹಾದುಹೋಗುವ ನಕ್ಷತ್ರದ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ನಮ್ಮತ್ತ ಬಾಗಿಸುತ್ತದೆ. 1936ರಲ್ಲಿ ಇದನ್ನು ಲೆಕ್ಕಹಾಕಿದ ಐನ್‌ಸ್ಟೈನ್‌ಗೇ ಇದು ಕಣ್ಣಿಗೆ ಬಿದ್ದೀತೆಂಬ ಭರವಸೆ ಇರಲಿಲ್ಲ.

2005ರ ಜುಲೈ 31ರಂದು ಅಂಥ ಹಿಂದಿನ ನಕ್ಷತ್ರವೊಂದು ಸುಮಾರು ಮೂರು ಪಟ್ಟು ಬೆಳಗಿ ಇಳಿಯತೊಡಗಿತು. ಆಗಸ್ಟ್ 10ರಂದು, ಇಳಿಯುವ ದಾರಿಯಲ್ಲಿ, ಒಂದು ದಿನವೂ ಬಾಳದ ಸಣ್ಣ ಏರು ಕಂಡಿತು. ಚಿಲಿಯಲ್ಲಿದ್ದ ಡೆನ್ಮಾರ್ಕಿನ ದೂರದರ್ಶಕ ಅದನ್ನು ಗಮನಿಸಿತು. ಮೈಕ್ರೋಲೆನ್ಸಿಂಗ್ ಹುಡುಕುವ ಓಗಲ್ ತಂಡದ ಅದೇ ರಾತ್ರಿಯ ಅಳತೆಯಲ್ಲೂ ಏರು ಇತ್ತು. ಚಿಲಿಯಲ್ಲಿ ಬೆಳಗಾದ ಮೇಲೆ ಉಳಿದರ್ಧವನ್ನು ಆಸ್ಟ್ರೇಲಿಯಾದ ಪರ್ತ್ ವೀಕ್ಷಣಾಲಯ ದಾಖಲಿಸಿತು. ನ್ಯೂಜಿಲೆಂಡಿನ ಮೋವಾ ತಂಡದ ಚಿತ್ರಗಳೂ ಒಪ್ಪಿದವು. ಆ ಏರಿಗೆ ಕಾರಣ ನಡುವಿನ ನಕ್ಷತ್ರದ ಗ್ರಹ. ಲೆಕ್ಕ ಹಾಕಿದಾಗ ಸಿಕ್ಕಿದ್ದು ಭೂಮಿಯ ಸುಮಾರು ಐದೂವರೆ ಪಟ್ಟು ತೂಕದ, ಇಪ್ಪತ್ತು ಸಾವಿರ ಜ್ಯೋತಿರ್ವರ್ಷಕ್ಕೂ ಆಚೆಗಿನ ಗ್ರಹ: ಓಗಲ್-2005-ಬಿಎಲ್‌ಜಿ-390 ಎಲ್‌ಬಿ. ಬೇರೆ ಬೇರೆ ಖಂಡಗಳ ಸಾಕ್ಷಿ ಒಂದೇ ಆದಾಗ ನಂಬಿಕೆಗೆ ಮತ್ತೊಂದು ದರ್ಶನ ಬೇಕಿಲ್ಲ.

ಇಂಥ ಗ್ರಹಗಳಿಗೆಲ್ಲ ‘ಇನ್ನೊಂದು ಭೂಮಿ’ ಎಂದು ತಲೆಬರಹ ಕೊಡುವ ಚಾಳಿ ಮಾತ್ರ ಸಹಿಸಲಾಗದ್ದು. ಈ ಗ್ರಹದ ಚಳಿ ಸೊನ್ನೆಗಿಂತ ಕೆಳಗೆ ಸುಮಾರು 220 ಡಿಗ್ರಿ. ಕಲಾವಿದರು ಬರೆದ ಚಿತ್ರವನ್ನು ಫೋಟೋ ಎಂಬಂತೆ ಅಚ್ಚುಹಾಕುವುದು ಓದುಗರಿಗೆ ಮಾಡುವ ಅನ್ಯಾಯ.

ಇನ್ನು ಪಂಚಾಂಗದ ಮಾತು. ಅದಿಲ್ಲದೆ ಈ ಅಂಕಣ ಮುಗಿಯದೆಂದು ಓದುಗರಿಗೆ ಗೊತ್ತು. ಆ ನಕ್ಷತ್ರ ಬೆಳಗಿದ್ದು ಮೂಲಾ ಮತ್ತು ಪೂರ್ವಾಷಾಢಾ ನಕ್ಷತ್ರಗಳ ನಡುವಿನ ದಿಕ್ಕಿನಲ್ಲಿ, ಆಕಾಶಗಂಗೆಯ ನಡುಭಾಗದತ್ತ. ಆಗಸ್ಟಿನಲ್ಲಿ ಆ ಜಾಗ ಉಡುಪಿಯಲ್ಲಿ ರಾತ್ರಿ ಊಟದ ಹೊತ್ತಿಗೆ ದಕ್ಷಿಣದಲ್ಲಿ 46 ಡಿಗ್ರಿ ಎತ್ತರಕ್ಕೆ ಬರುತ್ತದೆ. ಜುಲೈ 31 ಎಂದರೆ ಪುಷ್ಯ ಮಳೆ, ಆಗಸ್ಟ್ 10 ಎಂದರೆ ಆಶ್ಲೇಷಾ ಮಳೆ. ಎರಡೂ ತುಳುನಾಡಿನ ಆಟಿ ತಿಂಗಳೊಳಗೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆಂದು ಮಳೆಗೆ ಹೆಸರಿಟ್ಟ ರೈತರ ಲೆಕ್ಕವೂ ಆಕಾಶದ್ದೇ. ಆದರೆ ಆ ಮಳೆ ಸುರಿಯುವಾಗಲೇ ಆಕಾಶಗಂಗೆಯ ನಡುಭಾಗ ನಮ್ಮ ಮೋಡಗಳ ಹಿಂದೆ ದಾಟಿಹೋಗುತ್ತದೆ.

ಇಷ್ಟು ಬರೆಯುವಾಗ ಹೊಳೆದದ್ದು, ನಂಬಿಕೆಯ ಪ್ರಶ್ನೆ ಮೇಲ್ಪದರದ್ದು. ಒಳಗಿನ ಪ್ರಶ್ನೆ ಬೇರೆ: ಆ ಸಣ್ಣ ಏರಿನ ಗಳಿಗೆಯಲ್ಲಿ ಎಲ್ಲಿ ರಾತ್ರಿಯಾಗಿತ್ತು, ಅಲ್ಲಿ ಯಾರು ಎಚ್ಚರವಿದ್ದರು?

ನಮ್ಮ ರೇಖಾಂಶವೂ ಒಮ್ಮೆ ಇಂಥ ಗಳಿಗೆಗೆ ಒದಗಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ನೋಡಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಕಾವಲೂರಿನಲ್ಲಿ ಕಾದಿದ್ದರು. ಗ್ರಹ ಅಡ್ಡ ಬರಬೇಕಿದ್ದ ಹೊತ್ತಿಗೂ ಮೊದಲೇ ನಕ್ಷತ್ರ ಕೆಲವೇ ಸೆಕೆಂಡು ಮಂಕಾಯಿತು. ಅವರು ಉಪಗ್ರಹವೆಂದು ಭಾವಿಸಿದ್ದು ಯುರೇನಸ್ಸಿನ ಉಂಗುರ. ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ಅಮೆರಿಕದ ವಿಮಾನ ವೀಕ್ಷಣಾಲಯವೂ ಅದನ್ನೇ ಕಂಡಿತ್ತು.

ದೊಡ್ಡ ದೂರದರ್ಶಕವಿಲ್ಲದ ಊರಿಗೇನು ಕೆಲಸ ಎನ್ನುವವರಿಗೆ 2017ರ ಉದಾಹರಣೆ ಇದೆ. ಜಪಾನಿನ ಹವ್ಯಾಸಿ ವೀಕ್ಷಕ ತದಾಶಿ ಕೊಜಿಮಾ ವೃಷಭ ರಾಶಿಯಲ್ಲಿ ದಿಢೀರನೆ ಬೆಳಗಿದ ನಕ್ಷತ್ರವೊಂದನ್ನು ನವೆಂಬರ್ ಮೊದಲಿಗೆ ಲೋಕಕ್ಕೆ ತಿಳಿಸಿದರು. ಅದೂ ಮೈಕ್ರೋಲೆನ್ಸಿಂಗೇ, ನಡುವಿನ ನಕ್ಷತ್ರಕ್ಕೆ ನೆಪ್ಚೂನಿನ ತೂಕದ ಆಸುಪಾಸಿನ ಗ್ರಹವೂ ಇತ್ತು. ಆ ಜಾಗ ರೋಹಿಣಿಯಿಂದ ತುಸು ಈಶಾನ್ಯಕ್ಕೆ. ನವೆಂಬರಿನ ನಡುರಾತ್ರಿ ದಾಟಿದ ಮೇಲೆ ಅದು ಮಣಿಪಾಲದ ಗುಡ್ಡದ ಮೇಲೆ ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ. ಆ ಹೊತ್ತಿಗೆ ಕರಾವಳಿಯ ಮಳೆಗಾಲ ಮುಗಿದಿರುತ್ತದೆ. ಉಡುಪಿ, ಮಣಿಪಾಲದ ಕಾಲೇಜುಗಳು ಸರದಿಯ ಮೇಲೆ ಎಚ್ಚರವಿದ್ದು ಕ್ಯಾಮೆರಾದಲ್ಲಿ ಆಕಾಶದ ಒಂದೊಂದು ತುಂಡನ್ನು ಪ್ರತಿ ರಾತ್ರಿ ಸೆರೆಹಿಡಿಯುವ ಕೆಲಸವನ್ನು ಈ ದೀಪಾವಳಿಯಿಂದಲೇ ಶುರುಮಾಡಬಹುದು.