ಅಜ್ಜಿ ತಾಳ ತಪ್ಪಿಲ್ರೀ, ಡಬ್ಬಿ ತಡಾ ಮಾಡ್ತದ

ಈಗ ಮನಿಮನ್ಯಾಗ ಹಾಡು ರೆಕಾರ್ಡ್ ಮಾಡೋ ಹುಚ್ಚು ಬಂದದ. ಛಲೋನ ಆತು. ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಎಷ್ಟೋ ಹಾಡು ಪುಸ್ತಕದಾಗ ಇಲ್ಲ, ನಮ್ಮ ಹಿರ್ಯಾರ ಬಾಯಾಗಷ್ಟ ಅವ. ಅವರು ಇರೋತನಾ ಹಿಡದಿಟ್ಕೋಬೇಕು, ಅದರಾಗ ಎರಡು ಮಾತಿಲ್ಲ. ನನ್ನ ತಕರಾರು ಬ್ಯಾರೆ ಅದ. ಎಂಬತ್ತರ ಹತ್ರ ಬಂದ ಹೆಣ್ಣಮಕ್ಕಳ ಕಿವಿಗೆ ಹೆಡ್‌ಫೋನ್ ಹಾಕಿ, ಅವರ ದನೀನ ಕಂಪ್ಯೂಟರ್ ಒಳಗ ಸುತ್ತಾಡಿಸಿ ಅವರಿಗೇ ಕೇಳಸ್ತೀರಲಾ, ಅದನ್ನ ಬಿಡ್ರಿ ಅಂತೀನಿ.

ಯಾಕಂದ್ರ ಕಂಪ್ಯೂಟರ್ ದನೀನ ನಳದ ನೀರಿನಂಗ ಬಂದಂಗ ಬಂದಂಗ ಬಿಡೂದಿಲ್ಲ. ತಂಬಿಗಿ ತುಂಬಿದ ಮ್ಯಾಲಷ್ಟ ಎತ್ತತದ. ಆ ತಂಬಿಗಿಗೆ ಬಫರ್ ಅಂತಾರ. ಸೆಕೆಂಡಿಗೆ 48,000 ತುಣುಕಿನ ಲೆಕ್ಕಕ್ಕ ರೆಕಾರ್ಡ್ ಮಾಡೋವಾಗ, ಬಫರ್ 512 ಇದ್ರ ಒಂದು ತಂಬಿಗಿ ತುಂಬಲಿಕ್ಕೆ ಸುಮಾರು 10.7 ಮಿಲಿಸೆಕೆಂಡ್ ಬೇಕು. ಒಳಗ ಹೋಗೋವಾಗ ಒಂದು, ಹೊರಗ ಬರೋವಾಗ ಒಂದು, ಅಲ್ಲಿಗೆ 20 ದಾಟತು. ಬಫರ್ 1024 ಇಟ್ರ 40 ದಾಟತು. ಇದಕ್ಕ ಲೇಟೆನ್ಸಿ ಅಂತಾರ, ನಾವು ತಡಾ ಅನ್ನೋಣ.

ಇಷ್ಟಕ್ಕ ಏನಾತು ಅಂತೀರೇನು? ಗಾಳ್ಯಾಗ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗ್ತದ. ಅಂದ್ರ 40 ಮಿಲಿಸೆಕೆಂಡ್ ತಡಾ ಆದ್ರ, ನಿಮ್ಮ ದನಿ ಹದಿನಾಕು ಮೀಟರ್ ದೂರದಿಂದ ಬಂದಂಗ. ದೇವರ ಮನ್ಯಾಗ ನೀವು ಹಾಡ್ತೀರಿ, ಹಿತ್ತಲದಾಗಿಂದ ನಿಮಗ ಕೇಳಸ್ತದ! ಬ್ಲೂಟೂತ್ ಹೆಡ್‌ಫೋನ್ ಹಾಕಿದ್ರಂತೂ ಕೇಳಬ್ಯಾಡ್ರಿ, ಅದೊಂದ ನೂರು-ಇನ್ನೂರು ಮಿಲಿಸೆಕೆಂಡ್ ತಿಂತದ. ತಮ್ಮ ಮಾತು ತಮಗ ತಡಾ ಆಗಿ ಕೇಳಿಸಿದ್ರ ಮಂದಿ ತೊದಲ್ತಾರ ಅಂತ ಬರ್ನಾರ್ಡ್ ಲೀ ಅನ್ನೋರು 1950ರಾಗನ ಬರದಾರ. ಇನ್ನೂರು ಮಿಲಿಸೆಕೆಂಡಿನ ಆಸುಪಾಸಿನ್ಯಾಗ ಈ ತೊದಲು ಭಾಳ.

ನಮ್ಮ ಅತ್ತಿ ವಿಷಯದಾಗ ಆಗಿದ್ದು ಇದ. ದನಿ ತಡಾ ಕೇಳಸ್ತದ ಅಂತ ಅವರು ಅದಕ್ಕ ಕಾಯ್ಕೋತ ಹಾಡಿದ್ರು. ಹಾಡು ಜಗ್ಗಿಧಂಗ ಆತು. ನನ್ನ ಮಗ "ಅಜ್ಜೀ, ತಾಳ ತಪ್ಪಲಿಕತ್ತಿ" ಅಂದ. ಮೂರನೇ ಸಲಕ್ಕ ಅವರು ಹೆಡ್‌ಫೋನ್ ತಗದು ಮಣಿ ಮ್ಯಾಲೆ ಇಟ್ಟು, "ನನ್ನ ದನಿ ಮುಗೀತವಾ, ಇನ್ನ ನೀವ ಹಾಡ್ಕೋರಿ" ಅಂತ ಎದ್ದು ಹೋದ್ರು. ಆರು ತಿಂಗಳು ದೇವರ ಮುಂದೂ ಬಾಯಿ ತಗೀಲಿಲ್ಲ. ಎಪ್ಪತ್ತು ವರ್ಷ ಹಾಡಿದ ಬಾಯಿ ಅದು.

ಅದಕ್ಕ ನನ್ನ ಮೊದಲನೇ ಮಾತು: ಒಬ್ಬರ ಕೂತು ಹಾಡೋ ಹಾಡಿಗೆ ಹಾಡೋರ ಕಿವಿಗೆ ಹೆಡ್‌ಫೋನ್ ಬ್ಯಾಡ ಬ್ಯಾಡ. ಅದು ರೆಕಾರ್ಡ್ ಮಾಡೋ ಹುಡುಗನ ಕಿವಿಗೆ ಇರ್ಲಿ. ತಂಬೂರಿ ಶ್ರುತಿನೋ ತಾಳಾನೋ ಕೇಳಿಸ್ಲೇಬೇಕು ಅಂದ್ರ, ತಂತಿ ಇರೋ ಹೆಡ್‌ಫೋನ್ ಕೊಡ್ರಿ, ಆಡಿಯೋ ಇಂಟರ್‌ಫೇಸ್ ಡಬ್ಬಿ ಮ್ಯಾಲೆ ಡೈರೆಕ್ಟ್ ಮಾನಿಟರ್ ಅಂತ ಗುಂಡಿ ಇದ್ರ ಒತ್ತರಿ. ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರದ ನೆಟ್ಟಗ ಕಿವಿಗೆ ಬರ್ತದ. ಸಾಫ್ಟ್‌ವೇರ್ ಒಳಗಿನ ಮಾನಿಟರ್ ಮಾತ್ರ ಬಂದ್ ಮಾಡ್ರಿ, ಇಲ್ಲಂದ್ರ ಒಬ್ಬರ ಇಬ್ಬರಾಗಿ ಹಾಡಿಧಂಗ ಆಗ್ತದ.

ಈಗ ಹುಡುಗೂರು ಏನಂತಾರ, ಆ ದನಿ ಒಣಾ ಒಣಾ ಕೇಳಸ್ತದ, ಗುಡಿಯಾಗ ಹಾಡಿಧಂಗ ಗುಂಯ್ ಅನಬೇಕು, ಅದಕ್ಕ ಕಂಪ್ಯೂಟರದ ರಿವರ್ಬ್ ಬೇಕು ಅಂತಾರ. ಆ ಮಾತು ಖರೇನ. ಗುಂಯ್ ಅಂದ್ರ ಹಾಡೋರಿಗೆ ಧೈರ್ಯ ಬರ್ತದ. ಆದ್ರ ಅದಕ್ಕ ಕಂಪ್ಯೂಟರ ಯಾಕ? ನಮ್ಮ ಮೈದುನ ಆರ್ಕೆಸ್ಟ್ರಾದಾಗ ಇದ್ದಾಗಿನ ಎಕೋ ಡಬ್ಬಿ ಅಟ್ಟದ ಮ್ಯಾಲೆ ಬಿದ್ದಿತ್ತು. (1974ರ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ ಒಳಗ ಖರೇನ ಟೇಪ್ ಸುತ್ತತಿತ್ತಂತ. ನಮ್ದು ಅಂಥಾ ದೊಡ್ಡ ಸಾಮಾನಲ್ಲ, ಸಾದಾ ಡಿಜಿಟಲ್ ಡಬ್ಬಿ.) ಮೈಕು ಸಣ್ಣ ಮಿಕ್ಸರಿಗೆ, ಮಿಕ್ಸರದಿಂದ ಎಕೋ ಡಬ್ಬಿಗೆ, ಅಲ್ಲಿಂದ ತಿರುಗಿ ಮಿಕ್ಸರಿಗೆ, ಹೆಡ್‌ಫೋನೂ ಮಿಕ್ಸರಿಗೇ. ಕಂಪ್ಯೂಟರಿಗೆ ಹೋಗೋದು ಒಣ ದನಿ ಒಂದ. ಅತ್ತಿ ಕಿವ್ಯಾಗ ಗುಡಿ, ತಡಾ ಅಂತ ಗೊತ್ತೂ ಆಗೂದಿಲ್ಲ. ನಾ ಒಂದು ಶುಕ್ರವಾರ ಸುಮ್ನ ಇದನ್ನ ಹಚ್ಚಿಟ್ಟೆ. ಅತ್ತಿ ಎರಡು ಸಾಲು ಅಂದು ನಿಂತ್ರು, ನನ್ನ ಮಾರಿ ನೋಡಿದ್ರು, ಆಮ್ಯಾಲೆ ಆರತಿ ಹಾಡು ಪೂರಾ ಹೇಳಿದ್ರು.

ರೆಕಾರ್ಡ್ ಆದ ಮ್ಯಾಲೆ ಅದೇ ಡಬ್ಬಿಯೊಳಗ ಒಣ ದನೀನ ಹಾಯಿಸಬೇಕು ಅಂದ್ರ, ಇಂಟರ್‌ಫೇಸಿಗೆ ಸ್ಪೀಕರಿಂದು ಬಿಟ್ಟು ಇನ್ನೊಂದು ಜೋಡಿ ಔಟ್ ಬೇಕು. ಈಗ ಮತ್ತ ಹೋಗಿ ಬರೋ ತಡಾ ಬರ್ತದ, ಆದ್ರ ಈಗ ಹೆದರೋ ಕಾರಣ ಇಲ್ಲ, ಹಾಡೋದು ಮುಗದದ. ಲಾಜಿಕ್, ಕ್ಯೂಬೇಸ್ ಅಂಥಾವು ಒಂದು 'ಟಕ್' ಅಂತ ಕಳಿಸಿ, ಎಷ್ಟು ತಡಾ ಆಗಿ ತಿರುಗಿ ಬಂತು ಅಂತ ತಾವ ಅಳದು ಸರಿ ಮಾಡ್ತಾವ. ಏಬಲ್‌ಟನ್ ಲೈವ್‌ದಾಗ ಆ ಅಂಕಿ ನೀವ ತುಂಬಬೇಕು. ಅಳಿಯೋವಾಗ ಡಬ್ಬಿಯ ಎಕೋ ಪೂರ್ತಿ ಇಳಸ್ರಿ, ಇಲ್ಲಂದ್ರ ಟಕ್ ಅನ್ನೋದು ಗದ್ದಲದಾಗ ಕಳದು ಹೋಗ್ತದ.

ಬರೇ ರಿವರ್ಬಿಗೆ ಹತ್ತು ಮಿಲಿಸೆಕೆಂಡ್ ಹೆಚ್ಚುಕಮ್ಮಿ ಆದ್ರೂ ನಡೀತದ. ದೊಡ್ಡ ಗುಡಿಯಾಗ ದನಿ ಗ್ವಾಡಿಗೆ ಬಡದು ಬರ್ಲಿಕ್ಕೆ ಅಷ್ಟು ಹೊತ್ತು ಆಗೇ ಆಗ್ತದ. ಕಂಪ್ರೆಸರ್ ಡಬ್ಬಿ ಹಚ್ಚಿ, ಅದರ ದನೀನ ಮೂಲ ದನಿ ಜೋಡಿ ಬೆರಸೋರು ಮಾತ್ರ ಅಳತಿ ಬಿಡಬ್ಯಾಡ್ರಿ. ಕೂದಲೆಳಿಯಷ್ಟು ತಪ್ಪಿದ್ರೂ ದನಿ ಕೊಡದಾಗ ಬಾಯಿಟ್ಟು ಹಾಡಿಧಂಗ ಟೊಳ್ಳಾಗ್ತದ. ಡಬ್ಬಿಯಿಂದ ಬಂದ ದನೀನ ತಿರುಗಿ ಡಬ್ಬಿಗೇ ಕಳಸಬ್ಯಾಡ್ರಿ, ಕುಂಯ್ಯ್ ಅಂತ ಚೀರತದ, ಕೂಸು ಮಲಗಿದ್ರಂತೂ ಮುಗೀತು. ಹಾಡು ಐದು ನಿಮಿಷ ಇದ್ರ ಡಬ್ಬಿಯೊಳಗ ಹಾಯಸಲಿಕ್ಕೂ ಐದು ನಿಮಿಷ ಬೇಕು, ಅವಸರ ಮಾಡಿದ್ರ ನಡ್ಯೂದಿಲ್ಲ. ಗುಂಡಿ ಎಲ್ಲೆಲ್ಲಿ ತಿರುವಿಟ್ಟೀರಿ ಅಂತ ಫೋನಿನ್ಯಾಗ ಫೋಟೋ ಹೊಡಕೋರಿ, ಹಳೇ ಡಬ್ಬಿಯ ಗುಂಡಿ ಕಂಪ್ಯೂಟರ್ ನೆನಪಿಡೂದಿಲ್ಲ.

ಬಫರ್ 64ಕ್ಕ ಇಳಿಸಿದ್ರ ಎಲ್ಲಾ ಸರಿ ಆಗ್ತದ, ಹೊಸ ಲ್ಯಾಪ್‌ಟಾಪ್ ತಗೋರಿ ಅನ್ನೋರೂ ಇದ್ದಾರ. ನಮ್ಮಂಥಾ ಹಳೇ ಲ್ಯಾಪ್‌ಟಾಪಿನ್ಯಾಗ ಇಳಿಸಿ ನೋಡ್ರಿ, ಒಗ್ಗರಣಿ ಹಾಕಿಧಂಗ ಚಟಪಟ ಅಂತದ. ಲ್ಯಾಪ್‌ಟಾಪ್ ಇಂದಲ್ಲ ನಾಳೆ ತಗೋಬಹುದು. ಅಜ್ಜಿ ಇಂದ ಹಾಡಬೇಕು.

ಅಕ್ಕಾರ, ವೈನ್ಯಾರ, ಯಾರ ಮನಿ ಅಟ್ಟದ ಮ್ಯಾಲೆ ಅಂಥಾ ಡಬ್ಬಿ ಬಿದ್ದಿದ್ರ, ಮೋಡಕಾದವಗ ಕೊಡೋಕಿಂತ ಮೊದಲ ನನಗೊಂದು ಫೋನ್ ಮಾಡ್ರಿ. ನೀವ ಹಚ್ಚಿ ನೋಡೋದಿದ್ರ ಮೊದಲ ಹಿಂದ ಬರದದ್ದು ಓದ್ರಿ. ಎರಡರ ಮ್ಯಾಲೂ 9 ವೋಲ್ಟ್ ಅಂತ ಇರ್ತದ, ಆದ್ರ ಕೆಲವಕ್ಕ ಏಸಿ ಅಡಾಪ್ಟರ್ ಬೇಕು, ಕೆಲವಕ್ಕ ಡಿಸಿ.