ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ



ಯಾರಿಗಾದರೂ ಕಾಲೋ ಕಣ್ಣೋ ಹೋದರೆ ನಾವು ಮೊದಲು ಹೇಳೋದು "ಅಯ್ಯೋ ಪಾಪ" ಅಂತ. ಆಮೇಲೆ "ನೀನು ಸುಮ್ನೆ ಕೂತ್ಕೋ, ನಾವು ಮಾಡ್ತೀವಿ" ಅಂತೀವಿ. ಈ ಎರಡನೇ ಮಾತೇ ಹೆಚ್ಚು ಕೆಟ್ಟದ್ದು ಎಂದು ನನ್ನ ಅಭಿಪ್ರಾಯ.

ಹಲಸೂರಿನಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಹೋದ ವರ್ಷ ಅಪಘಾತವಾಗಿ, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಬೇಸಿಗೆ ರಜದಲ್ಲಿ ನಾನು ಅಲ್ಲೇ ಇದ್ದೆ. ನೋಡೋಕೆ ಬಂದವರು, ಎದುರಿಗೇ ಕೂತಿದ್ದ ಚಿಕ್ಕಪ್ಪನನ್ನು ಬಿಟ್ಟು, "ಇವರಿಗೆ ಊಟ ಸೇರುತ್ತಾ, ನಿದ್ದೆ ಬರುತ್ತಾ?" ಎಂದು ಚಿಕ್ಕಮ್ಮನನ್ನು ಕೇಳೋರು. ಕಾಲು ಹೋದರೆ ಬಾಯಿಯೂ ಹೋಗುತ್ತಾ? ಅಜ್ಜಿಯಂತೂ ನೀರಿನ ಲೋಟ ಎತ್ತೋಕೂ ಬಿಡ್ತಿರಲಿಲ್ಲ.

ಚಿಕ್ಕಮ್ಮ ಬೇರೆ ಥರ. ಹುರುಳಿಕಾಯಿ ಮುಂದಿಟ್ಟು "ಹೆಚ್ಚಿಕೊಡಿ" ಅನ್ನೋರು. ಮನೆ ಬಾಡಿಗೆ, ಮಕ್ಕಳ ಫೀಸು, ಎಲ್ಲ ಲೆಕ್ಕವೂ ಮೊದಲಿನ ಹಾಗೆ ಚಿಕ್ಕಪ್ಪನದೇ. ಬೀದಿಯವರು "ಎಂಥ ಕಲ್ಲುಮನಸ್ಸು" ಅಂದರು. ನನಗೆ ಹಾಗನ್ನಿಸಲಿಲ್ಲ. ಹೆಚ್ಚೋ ಹೊತ್ತಿಗೆ ಚಿಕ್ಕಪ್ಪ ತಾವಾಗಿ ಮಾತಾಡೋರು.

ರಾತ್ರಿ "ಪಾದ ಉರೀತಿದೆ" ಅಂದರೆ ಕೆಲವರಿಗೆ ನಗು. ಇಲ್ಲದ ಪಾದ ಹ್ಯಾಗೆ ಉರಿಯುತ್ತೆ? ಉರಿಯುತ್ತೆ. ಕತ್ತರಿಸಿದ ನರಗಳಿಂದ, ಮೆದುಳಿನಿಂದ ಬರುವ ನಿಜವಾದ ನೋವು ಅದು. ವೈದ್ಯರಿಗೆ ಹೇಳಿದರೆ ಚಿಕಿತ್ಸೆಯೂ ಇದೆ. ಆದರೆ ಮನೆಯವರು ಮೊದಲು ನಂಬಬೇಕಲ್ಲ! ಕೃತಕ ಕಾಲೂ ಮಾರನೇ ದಿನವೇ ಬರೋದಲ್ಲ. ಗಾಯ ಆರಬೇಕು, ಬಾವು ಇಳಿಯೋ ತನಕ ಪಟ್ಟಿ ಸುತ್ತಬೇಕು. ಕಾಯೋ ಆ ದಿನಗಳಲ್ಲೇ ಮನುಷ್ಯ ಕುಗ್ಗಿ ಹೋಗೋದು.

ಕಂಟೋನ್ಮೆಂಟಿನ ಆಚೆ ಲಿಂಗರಾಜಪುರದಲ್ಲಿ ಎ.ಪಿ.ಡಿ. ಎಂಬ ಅಂಗವಿಕಲರ ಸಂಸ್ಥೆ ಇದೆ. 1959ರಲ್ಲಿ ಅದನ್ನು ಸ್ಥಾಪಿಸಿದ ಎನ್.ಎಸ್. ಹೇಮಾ ಅವರು ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡಿದವರು. ಅಲ್ಲಿ ಬರೀ ಮರುಕ ತೋರಿಸಿ ಕಳಿಸೋದಿಲ್ಲ, ಕೆಲಸ ಕಲಿಸುತ್ತಾರೆ. ಇಂದಿರಾನಗರದ ಹತ್ತಿರ ಜೀವನ್ ಬಿಮಾ ನಗರದಲ್ಲಿ ಅವರ ತೋಟವಿದೆ, ಅಲ್ಲಿ ಅಂಗವಿಕಲರು ಗಿಡ ಬೆಳೆಸೋದು ಕಲಿಯುತ್ತಾರೆ.

ಹಲಸೂರಿನ ಮೆಟ್ರೋ ನಿಲ್ದಾಣ 2011ರಲ್ಲಿ ಶುರುವಾಯಿತು, ಲಿಫ್ಟೂ ಇದೆ. ಆದರೆ ಅಲ್ಲಿ ತನಕ ಹೋಗೋ ದಾರಿಯಲ್ಲಿ ಚಪ್ಪಡಿ ಎದ್ದಿದ್ದರೆ ಲಿಫ್ಟ್ ಇದ್ದೇನು ಬಂತು? ನಮ್ಮೂರೇನು ಕಮ್ಮಿಯಿಲ್ಲ. ಸಾರ್ವಜನಿಕ ಕಟ್ಟಡಕ್ಕೆ ಅಂಗವಿಕಲರೂ ಹೋಗುವಂತಿರಬೇಕು ಎಂದು 2016ರ ಕಾಯಿದೆ ಹೇಳುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕಂತೆ. ನಮ್ಮ ಶಾಲೆಯ ಇಳಿಜಾರು ಅಷ್ಟು ಉದ್ದವಿಲ್ಲ, ಇರೋದರ ಮೇಲೂ ಸೈಕಲ್ಲುಗಳು!

ಗೌರಿ ಹಬ್ಬಕ್ಕೆ ಚಿಕ್ಕಪ್ಪ ಊರಿಗೆ ಬರ್ತಾರೆ. ದಾರೀಲಿ ಕಂಡರೆ ರಟ್ಟೆ ಹಿಡಿದು ಎಳೀಬೇಡಿ. "ಏನಾದ್ರೂ ಬೇಕಾ ಮಾವ?" ಅಂತ ಅವರನ್ನೇ ಕೇಳಿ. ಬೇಡ ಅಂದರೆ ಬಿಡಿ, ರಾಗಿ ಪೈರಿನ ವಿಷಯ ಮಾತಾಡಿ. ಸೈಕಲ್ಲುಗಳನ್ನು ಮಾತ್ರ ನಾಳೆಯಿಂದಲೇ ಹುಣಸೆಮರದ ಕೆಳಗೆ ನಿಲ್ಲಿಸಿ.

– 9ನೇ ತರಗತಿಯ ವಿದ್ಯಾರ್ಥಿನಿ